ತೋಳಿನ ತರಿತರಿ, ಮೊಣಕೈ ಒರಟಿಗೆ ಮನೆಯ ಸಕ್ಕರೆ ಸ್ಕ್ರಬ್: ನಾಲ್ಕು ವಾರ ಒಂದೇ ಕೈಗೆ ಹಚ್ಚಿ ನೋಡಿದೆ

ಕ್ಯಾತ್ಸಂದ್ರದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಒಂದು ತಿಂಗಳು ನೋಟ್‌ಬುಕ್ಕಲ್ಲಿ ಬರೆದಿಟ್ಟುಕೊಂಡು ಮಾಡಿದ್ದು, ಹಾಗಾಗಿ ಪೂರ್ತಿ ಹೇಳ್ತೀನಿ.

ನನ್ನ ಎರಡೂ ತೋಳಿನ ಹಿಂಭಾಗದಲ್ಲಿ ಕೈಯಾಡಿಸಿದರೆ ರವೆ ಮೇಲೆ ಸವರಿದ ಹಾಗಿರುತ್ತೆ. ಹೈಸ್ಕೂಲಿಂದ ಹಾಗೇ. ನಮ್ಮಮ್ಮನಿಗೂ ಇತ್ತು. ದೀಪಾವಳಿ ಕಳೆದು ಚಳಿ ಬಿತ್ತು ಅಂದ್ರೆ ಮೊಣಕೈ, ಮಂಡಿ ಬೂದಿ ಬಳಿದ ಹಾಗೆ ಬೆಳ್ಳಗೆ ಒಣಗುತ್ತೆ, ಸೀರೆ ಉಡುವಾಗ ಜಾರ್ಜೆಟ್ ಸೆರಗು ಮೊಣಕೈಗೆ ಸಿಕ್ಕಿಕೊಳ್ಳುತ್ತೆ. ಎಂ.ಜಿ. ರಸ್ತೆಯ ಒಂದು ಅಂಗಡೀಲಿ ಬಾಡಿ ಸ್ಕ್ರಬ್ ಕೇಳಿದೆ, 200 ಗ್ರಾಂ ಡಬ್ಬಿಗೆ 425 ರೂಪಾಯಿ ಅಂದ್ರು. ಡಬ್ಬಿ ತಿರುಗಿಸಿ ಓದಿದೆ: ಸಕ್ಕರೆ, ಎಣ್ಣೆ, ಅಕ್ರೂಟ್ ಸಿಪ್ಪೆ ಪುಡಿ, ಸುವಾಸನೆ, ಬಣ್ಣ. ಮೊದಲೆರಡು ನಮ್ಮನೆ ಅಡುಗೆಮನೇಲೇ ಇದೆಯಲ್ಲ ಅಂತ ಡಬ್ಬಿ ವಾಪಸ್ ಇಟ್ಟು ಬಂದೆ.

ನಾನು ಮಾಡಿಕೊಂಡಿದ್ದು ಇಷ್ಟೆ. ಮೂರು ದೊಡ್ಡ ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ. ಸಕ್ಕರೇನ ಮಿಕ್ಸಿಗೆ ಹಾಕಿ ಒಂದೇ ಒಂದು ಸಲ ತಿರುಗಿಸಿ ನಿಲ್ಲಿಸಬೇಕು. ಪೂರ್ತಿ ಪುಡಿ ಆಗಬಾರದು, ಚಿರೋಟಿ ರವೆಗಿಂತ ಒಂಚೂರು ದಪ್ಪ ಇರಬೇಕು. ಕಿರಾಣಿ ಅಂಗಡಿ ಸಕ್ಕರೆ ಹರಳು ಬಲೇ ದಪ್ಪ, ಅದಕ್ಕೆ ಮೂಲೆಗಳಿರುತ್ತೆ. ಇದನ್ನ ನಾನು ಕಲಿತಿದ್ದು ಪೆಟ್ಟು ತಿಂದು. ಮೊದಲನೇ ದಿನ ಹಾಗೇ ಅಂಗಡಿ ಸಕ್ಕರೆ ಹಾಕಿ ಮಂಡಿ ಮೇಲೆ ಪಾತ್ರೆ ತಿಕ್ಕೋ ಥರ ತಿಕ್ಕಿದೆ. ಮಾರನೇ ದಿನ ಸೋಪು ಹಚ್ಚಿದಾಗ ಉರಿ ತಡೆಯೋಕಾಗಲಿಲ್ಲ, ಬೆಳಕಿಗೆ ಹಿಡಿದು ನೋಡಿದರೆ ಕೆಂಪು ಗೀರು ಗೀರು.

ಖರ್ಚು ಹೇಳ್ತೀನಿ. ನಮ್ಮ ಬೀದೀಲಿ ಸಕ್ಕರೆ ಕೆ.ಜಿ.ಗೆ 45, ಎಣ್ಣೆ ಲೀಟರಿಗೆ 400 ಕೊಟ್ಟೆ. ಒಂದು ಸಲಕ್ಕೆ ಹೆಚ್ಚು ಕಡಿಮೆ 8 ರೂಪಾಯಿ. ನಾಲ್ಕು ವಾರಕ್ಕೆ 32.

ಬಲಗೈಗೆ ಮಾತ್ರ ಹಾಕಿದೆ, ಎಡಗೈ ಬೇಕು ಅಂತಲೇ ಬಿಟ್ಟೆ. ಎರಡಕ್ಕೂ ಹಾಕಿದರೆ ಚಳಿ ಕಮ್ಮಿ ಆಗಿ ಸರಿಹೋಯ್ತೋ ಸ್ಕ್ರಬ್ಬಿಂದ ಸರಿಹೋಯ್ತೋ ಗೊತ್ತಾಗಲ್ಲ. ಭಾನುವಾರ ಭಾನುವಾರ, ಸ್ನಾನದ ಕೊನೇಲಿ, ಮೈ ಐದಾರು ನಿಮಿಷ ಬಿಸಿನೀರಲ್ಲಿ ನೆಂದ ಮೇಲೆ. ಬೆರಳ ತುದೀಲಿ ತಗೊಂಡು ಅರವತ್ತು ಎಣಿಸೋವರೆಗೆ ಸುತ್ತ ಸುತ್ತ ಸವರೋದು, ತೊಳೆಯೋದು, ಟವೆಲಲ್ಲಿ ಒತ್ತಿ ಒರೆಸೋದು. ಮೈ ಇನ್ನೂ ಹಸಿ ಇರೋವಾಗಲೇ ಎರಡು ತೊಟ್ಟು ಎಣ್ಣೆ ಸವರೋದು.

ಮೊದಲನೇ ವಾರ: ಅವತ್ತು ನುಣುಪು, ಮೂರನೇ ದಿನಕ್ಕೆ ಮೊದಲಿನ ಹಾಗೇ. ಎರಡನೇ ವಾರ: ಮೊಣಕೈ ಬೂದಿ ಬಣ್ಣ ಹೋಯ್ತು. ಮೂರು, ನಾಲ್ಕು: ಬಲ ಮೊಣಕೈಗೂ ಎಡ ಮೊಣಕೈಗೂ ಕಣ್ಣು ಮುಚ್ಚಿ ಮುಟ್ಟಿದರೂ ವ್ಯತ್ಯಾಸ ಗೊತ್ತಾಗುತ್ತೆ. ತೋಳಿನ ತರಿ ಅರ್ಧ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಮೈಬಣ್ಣದಲ್ಲಿ ಏನೂ ವ್ಯತ್ಯಾಸ ಇಲ್ಲ. ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ವಿಡಿಯೋಗಳಲ್ಲಿ ಬೆಳ್ಳಗಾಗುತ್ತೆ ಅಂತಲೇ ಹೇಳೋದು.

ಒಂದು ಎಚ್ಚರಿಕೆ. ಎಣ್ಣೆ ಟೈಲ್ಸ್ ಮೇಲೆ ಉಳಿಯುತ್ತೆ. ಎರಡನೇ ವಾರ ನನ್ನ ಹಿಂದೆಯೇ ನಮ್ಮತ್ತೆ ಸ್ನಾನಕ್ಕೆ ಹೋದ್ರು, ಕಾಲು ಜಾರಿ ಬಾಗಿಲು ಹಿಡ್ಕೊಂಡಿದ್ದಕ್ಕೆ ಉಳಿದ್ರು. ಅವತ್ತಿಂದ ಮುಗಿದ ತಕ್ಷಣ ಸೋಪಿನ ಪುಡಿ ಹಾಕಿ ನೆಲ ಉಜ್ಜಿಯೇ ಹೊರಗೆ ಬರೋದು. ವಯಸ್ಸಾದವರು ಇರೋ ಮನೇಲಿ ಇದನ್ನ ಮರೀಬೇಡಿ.

ಎರಡು ಪ್ರಶ್ನೆ ಇದೆ. ಮಾಡಿಟ್ಟರೆ ಎಷ್ಟು ದಿನ ಇರುತ್ತೆ? ಮತ್ತೆ ನನ್ನ ಕತ್ತಿನ ಹಿಂದೆ ಎರಡು ವರ್ಷದಿಂದ ಕಪ್ಪಗೆ ದಪ್ಪ ಪಟ್ಟೆ ಆಗಿದೆ. ತಾಳಿ ಸರ ಉಜ್ಜಿ ಹಾಗಾಗಿದೆ ಅಂತಾರೆ. ಅಲ್ಲಿಗೂ ನಾಲ್ಕು ವಾರ ಹಚ್ಚಿದೆ, ಒಂಚೂರೂ ಕದಲಿಲ್ಲ. ಏನು ಮಾಡೋದು?


ಬಂಗಾರಪೇಟೆ ಸೊಸೆ

ಅಕ್ಕ, ತುಂಬ ಚೆನ್ನಾಗಿ ಬರೆದಿದ್ದೀರ. ಒಂದು ಕೈ ಬಿಟ್ಟು ನೋಡೋದು ನನಗೆ ಹೊಳೆದೇ ಇರಲಿಲ್ಲ.

ನಮ್ಮ ಕಡೆ ಟೊಮೊಟೊ ಅರ್ಧ ಕುಯ್ದು ಸಕ್ಕರೇಲಿ ಅದ್ದಿ ಉಜ್ಜೋದು ರೂಢಿ. ಕೋಲಾರದ ಮಾರ್ಕೆಟ್ಟಲ್ಲಿ ರೇಟ್ ಬಿದ್ದಾಗ ಬಾಕ್ಸ್‌ಗಟ್ಟಲೆ ರಸ್ತೆಗೆ ಸುರೀತಾರಲ್ಲ, ಆಗ ನಮ್ಮ ಮಾವ ಒಂದೊಂದು ಬಾಕ್ಸ್ ಮನೆಗೇ ತಂದುಬಿಡ್ತಾರೆ. ಮಾಡಿ ನೋಡಿದೀನಿ. ಟೊಮೊಟೊ ರಸಕ್ಕೆ ಸಕ್ಕರೆ ಕೈಯಲ್ಲೇ ಕರಗಿ ಹೋಗುತ್ತೆ, ಎಣ್ಣೇಲಿ ಇರೋ ಅಷ್ಟು ಹೊತ್ತು ನಿಲ್ಲಲ್ಲ. ಕೈಗೆ ಸಣ್ಣ ಗಾಯ ಇದ್ದರೆ ಉರಿ ಬೇರೆ. ನಿಮ್ಮ ಎಣ್ಣೆ ಲೆಕ್ಕವೇ ವಾಸಿ ಅನ್ಸುತ್ತೆ.

ನನ್ನ ನಿಜವಾದ ಕಷ್ಟ ನೀರು. ನಮ್ಮದು ಬೋರ್‌ವೆಲ್ ನೀರು, ಸಾವಿರ ಅಡಿ ಮೇಲೆ ಕೊರೆಸಿರೋದು. ಬಕೆಟ್ ಒಳಗೆಲ್ಲ ಬಿಳಿ ಪಟ್ಟೆ, ಹೀಟರ್ ಕಾಯಿಲ್ ಮೇಲೆ ಸುಣ್ಣದ ಚಕ್ಕೆ. ಸೋಪು ನೊರೇನೇ ಬರಲ್ಲ, ತೊಳೆದರೂ ಮೈ ಬಿಗಿ ಬಿಗಿ. ಮದುವೆಗೆ ಮುಂಚೆ ಬೆಂಗಳೂರಲ್ಲಿ ಕಾವೇರಿ ನೀರಲ್ಲಿ ಸ್ನಾನ ಮಾಡ್ತಿದ್ದಾಗ ಹೀಗಿರಲಿಲ್ಲ. ಫ್ಲೋರೈಡ್‌ನಿಂದ ಹೀಗಾಗುತ್ತೆ ಅಂತಾರೆ ನಮ್ಮ ಓಣೀಲಿ. ಹೌದಾ?


ತಿಪಟೂರು ತೆಂಗಿನತೋಟ

ಮಕ್ಕಳಾ, ನನಗೆ ಐವತ್ತೆಂಟು. ನೀವು ಸ್ಕ್ರಬ್ ಅಂತೀರ, ನಾವು ಎಣ್ಣೆನೀರು ಅಂತಿದ್ವಿ.

ನಮ್ಮಜ್ಜಿ ಬಚ್ಚಲುಮನೇಲಿ ತಾಮ್ರದ ಹಂಡೆಗೆ ತೆಂಗಿನ ಮಟ್ಟೆ, ಚಿಪ್ಪು ಹಾಕಿ ಉರಿ ಮಾಡೋರು. ಯುಗಾದಿ, ನರಕ ಚತುರ್ದಶಿ ಅಂದ್ರೆ ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಮಣೆ ಮೇಲೆ ಕೂರಿಸೋರು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕೊಬ್ಬರಿ, ಗಾಣದಲ್ಲಿ ಆಡಿಸಿದ ಎಣ್ಣೆ. ಮೊದಲು ನೆತ್ತಿಗೆ ಮೂರು ಸಲ ತಟ್ಟಿ, ಆಮೇಲೆ ಬೆನ್ನಿಗೆ, ತೋಳಿಗೆ, ಅಂಗಾಲಿಗೆ. ಅರ್ಧ ಗಂಟೆ ಹಾಗೇ ಬಿಡೋರು. ಆಮೇಲೆ ತಲೆಗೆ ಸೀಗೆಕಾಯಿ, ಇಲ್ಲವಾದರೆ ಚಿಗರೆ ಸೊಪ್ಪಿನ ಪುಡಿ. ಮೈಗೆ ಕಡ್ಲೆಹಿಟ್ಟು, ಹೆಸರುಹಿಟ್ಟು ಎರಡೂ ಸಮ ಬೆರೆಸಿದ್ದು. ಹಿಟ್ಟನ್ನ ಹಸಿ ಮೈಮೇಲೆ ಉದುರಿಸಿ ಅಂಗೈಯಿಂದ ಕೆಳಕ್ಕೆ ಕೆಳಕ್ಕೆ ಎಳೀತಿದ್ರು, ಹಿಟ್ಟು ಎಣ್ಣೆ ಕುಡಿದು ಸಣ್ಣ ಸಣ್ಣ ಬತ್ತಿ ಥರ ಉರುಳಿ ಬೀಳೋದು. ಆ ಬತ್ತೀಲೇ ಕೊಳೆ, ಸತ್ತ ಚರ್ಮ ಎಲ್ಲ ಬರ್ತಿತ್ತು. ತಿಕ್ಕೋ ಮಾತೇ ಇಲ್ಲ.

ಬಂಗಾರಪೇಟೆ ತಾಯಿ, ನಿಮ್ಮ ಗಡಸು ನೀರಿಗೆ ಹಿಟ್ಟೇ ಸರಿ. ಸೋಪು ಆ ನೀರಿನ ಸುಣ್ಣದ ಜೊತೆ ಸೇರಿ ಜಿಡ್ಡು ಥರ ಆಗಿ ಮೈಮೇಲೆ ಕೂತುಬಿಡುತ್ತೆ. ಕಡ್ಲೆಹಿಟ್ಟು, ಸೀಗೆಕಾಯಿಗೆ ಆ ತೊಂದರೆ ಇಲ್ಲ. ವಾರದಲ್ಲಿ ಎರಡು ದಿನ ಸೋಪು ಬಿಟ್ಟು ಹಿಟ್ಟು ಹಚ್ಚಿ ನೋಡಿ, ಬಿಗಿತ ಕಮ್ಮಿ ಆಗುತ್ತೆ. ಆದರೆ ಹಿಟ್ಟು ಅಂಗಡಿ ಪ್ಯಾಕೆಟ್ ಬೇಡ, ಬೇಳೆ ತಗೊಂಡು ಗಿರಣೀಲಿ ಹಾಕಿಸಿ, ಸ್ವಲ್ಪ ತರಿ ಇರಲಿ ಅಂತ ಹೇಳಿ ಹಾಕಿಸಿ.


ಗೌರಿಬಿದನೂರು ಸಿಸ್ಟರ್

ನಾನು ಸ್ಟಾಫ್ ನರ್ಸ್, ಹನ್ನೊಂದು ವರ್ಷ ಆಯ್ತು. ಚರ್ಮದ ಡಾಕ್ಟರ್ ಒಪಿಡೀಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಕಂಡಿದ್ದನ್ನ ಹೇಳ್ತೀನಿ, ನಾನು ಡಾಕ್ಟರ್ ಅಲ್ಲ.

ಮೊದಲು ಕತ್ತು. ಕ್ಯಾತ್ಸಂದ್ರದ ಅಕ್ಕ, ದಯವಿಟ್ಟು ಅಲ್ಲಿ ಉಜ್ಜೋದು ಇವತ್ತೇ ನಿಲ್ಲಿಸಿ. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಾಗಿ, ಮುಟ್ಟಿದರೆ ವೆಲ್ವೆಟ್ ಥರ ದಪ್ಪ ಇದ್ದು ಮಡಿಕೆ ಬಿದ್ದಿದ್ದರೆ ಅದು ಕೊಳೆ ಅಲ್ಲ, ಸರದ ಗುರುತೂ ಅಲ್ಲ. ಅಕಾಂಥೋಸಿಸ್ ನೈಗ್ರಿಕಾನ್ಸ್ ಅಂತಾರೆ. ಎಷ್ಟೋ ಸಲ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತು ಅದು. ಸಕ್ಕರೆ ಕಾಯಿಲೆ ಬರೋಕೆ ಮುಂಚೆಯೇ ಕಾಣಿಸಿಕೊಳ್ಳಬಹುದು. ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇರೋ ಹೆಣ್ಣುಮಕ್ಕಳಲ್ಲೂ ಕಾಣುತ್ತೆ. ಹೊರಗಿಂದ ಎಷ್ಟು ತಿಕ್ಕಿದರೂ ಹೋಗಲ್ಲ, ಒಳಗಿನದು ಸರಿ ಆದರೆ ನಿಧಾನಕ್ಕೆ ತಿಳಿಯಾಗುತ್ತೆ. ನಿಮ್ಮ ಮನೇಲಿ ಯಾರಿಗಾದರೂ ಶುಗರ್ ಇದೆಯಾ? ಒಂದು ಸಲ ಖಾಲಿ ಹೊಟ್ಟೆ ಶುಗರ್, ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) ಎರಡೂ ಟೆಸ್ಟ್ ಮಾಡಿಸಿ. ಹೆದರಿಸೋಕೆ ಹೇಳ್ತಿಲ್ಲ. ಬೇಗ ಗೊತ್ತಾದರೆ ನಮ್ಮ ಕೈಲಿರುತ್ತೆ.

ತೋಳಿನ ರವೆ ಥರದ್ದು ಕೆರಟೋಸಿಸ್ ಪೈಲಾರಿಸ್. ಕೂದಲಿನ ಬುಡದ ಸಣ್ಣ ರಂಧ್ರದಲ್ಲಿ ಕೆರಟಿನ್ ಅನ್ನೋ ಚರ್ಮದ ಪ್ರೋಟೀನ್ ಗಟ್ಟಿಯಾಗಿ ಬೆಣೆ ಥರ ಕೂತಿರುತ್ತೆ. ಮನೆತನದಲ್ಲಿ ಬರುತ್ತೆ, ನಿಮ್ಮಮ್ಮನಿಗೂ ಇತ್ತು ಅಂದ್ರಲ್ಲ, ಹಾಗೆ. ಏನೂ ಅಪಾಯ ಇಲ್ಲ. ಸ್ಕ್ರಬ್ ಮೇಲಿನ ಒರಟು ತೆಗೆಯುತ್ತೆ, ಒಳಗಿನ ಬೆಣೆ ಕರಗಿಸಲ್ಲ. ಅದಕ್ಕೇ ನಿಮಗೆ ಅರ್ಧ ಕಮ್ಮಿ ಆಗಿ ನಿಂತಿರೋದು. ಮೆಡಿಕಲ್ ಸ್ಟೋರಲ್ಲಿ 10 ಪರ್ಸೆಂಟ್ ಯೂರಿಯಾ ಇರೋ ಕ್ರೀಮ್ ಅಥವಾ ಲ್ಯಾಕ್ಟಿಕ್ ಆ್ಯಸಿಡ್ ಇರೋ ಲೋಷನ್ ಕೇಳಿ, ಸ್ಕ್ರಬ್ ಮಾಡದ ದಿನಗಳಲ್ಲಿ ರಾತ್ರಿ ಹಚ್ಚಿ. ಬಿಟ್ಟರೆ ಮತ್ತೆ ಬರುತ್ತೆ, ಅದು ಅದರ ಸ್ವಭಾವ.

ವಾರಕ್ಕೆ ಒಂದೇ ಸಲ ಮಾಡಿದ್ದು ಸರಿಯಾಗಿದೆ. ಚರ್ಮದ ಮೇಲ್ಪದರ ತಳದಲ್ಲಿ ಹುಟ್ಟಿ ಮೇಲೆ ಬಂದು ಉದುರೋಕೆ ಹರೆಯದಲ್ಲಿ ಸುಮಾರು 28 ದಿನ, ವಯಸ್ಸಾದಂತೆ ಇನ್ನೂ ಜಾಸ್ತಿ. ದಿನಾ ಕೆರೆದರೆ ಉದುರಬೇಕಾದ್ದಷ್ಟೇ ಅಲ್ಲ, ಇರಬೇಕಾದ್ದೂ ಹೋಗುತ್ತೆ.

ಬಂಗಾರಪೇಟೆಯವರಿಗೆ: ಫ್ಲೋರೈಡ್ ಕುಡಿಯೋ ನೀರಿನ ತೊಂದರೆ, ಅದು ಹಲ್ಲು, ಮೂಳೆಗೆ. ಮೈ ಬಿಗಿಯೋದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ. ತಿಪಟೂರು ಅಮ್ಮ ಹೇಳಿದ್ದೇ ಸರಿ.

ಕೊನೆಗೆ, ಯಾರು ಮಾಡಬಾರದು: ಎಕ್ಸಿಮಾ, ಸೋರಿಯಾಸಿಸ್ ಇರೋರು, ಬಿಸಿಲಿಗೆ ಮೈ ಸುಟ್ಟಿರೋರು, ಅವತ್ತೇ ವ್ಯಾಕ್ಸ್ ಅಥವಾ ಶೇವ್ ಮಾಡಿರೋರು, ತುರಿಕಜ್ಜಿ, ಗಜಕರ್ಣ ಇರೋರು. ಗಜಕರ್ಣದ ಮೇಲೆ ಉಜ್ಜಿದರೆ ಮೈಗೆಲ್ಲ ಹರಡಿಕೊಳ್ಳುತ್ತೆ.


ಕ್ಯಾತ್ಸಂದ್ರದವಳು

ಸಿಸ್ಟರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಮ್ಮಪ್ಪನಿಗೆ ಶುಗರ್ ಇದೆ. ಎರಡನೇ ಮಗು ಆದ ಮೇಲೆ ನಾನು ಒಂಬತ್ತು ಕೆ.ಜಿ. ಜಾಸ್ತಿ ಆಗಿದೀನಿ. ಕಪ್ಪು ಬಂದಿದ್ದೂ ಆಗಲೇ. ಇಷ್ಟು ದಿನ ತಾಳಿ ಸರ ಅಂದುಕೊಂಡು ಸರವನ್ನೇ ಎರಡು ಸಲ ಪಾಲಿಶ್ ಮಾಡಿಸಿದೆ. ಈ ವಾರವೇ ಟೆಸ್ಟ್ ಮಾಡಿಸ್ತೀನಿ.

ಇನ್ನೊಂದು ಕೇಳ್ಬೇಕು. ಬೆನ್ನಿನ ಮೇಲ್ಭಾಗದಲ್ಲೂ ಕಂದು ಕಂದು ಛಾಯೆ ಇದೆ, ಅಲೆ ಅಲೆ ಥರ. ಮದುವೆ ಆದಾಗಿಂದ ಪ್ಲಾಸ್ಟಿಕ್ ಬಲೆಯ ಉದ್ದ ಬ್ರಷ್‌ನಿಂದ ದಿನಾ ಬೆನ್ನು ಉಜ್ಜೋ ಅಭ್ಯಾಸ. ಅದಕ್ಕೂ ಸಂಬಂಧ ಇದೆಯಾ?


ಗೌರಿಬಿದನೂರು ಸಿಸ್ಟರ್

ಇರಬಹುದು ಅಕ್ಕ. ನೈಲಾನ್ ಬಲೆ, ಒರಟು ಟವೆಲ್‌ನಿಂದ ವರ್ಷಗಟ್ಟಲೆ ಉಜ್ಜಿದರೆ ಬೆನ್ನು, ತೋಳು, ಭುಜದ ಮೂಳೆ ಮೇಲೆ ಹಾಗೇ ಕಂದು ಛಾಯೆ ಬರುತ್ತೆ. ನಮ್ಮ ಒಪಿಡೀಲಿ ಮೊದಲು ಕೇಳ್ತಿದ್ದ ಪ್ರಶ್ನೆಯೇ ‘ಯಾವುದರಲ್ಲಿ ಮೈ ಉಜ್ಜುತ್ತೀರ’ ಅಂತ. ಕಪ್ಪಾಯ್ತು ಅಂತ ಜನ ಇನ್ನೂ ಜೋರಾಗಿ ಉಜ್ಜುತ್ತಾರೆ, ಉಜ್ಜಿದಷ್ಟೂ ಇನ್ನಷ್ಟು ಕಪ್ಪಾಗುತ್ತೆ. ನಮ್ಮ ಮೈಬಣ್ಣದವರಿಗೆ ಕೆರೆತ, ಉರಿ, ಗಾಯ ಏನಾದರೂ ಕಲೆಯಾಗಿ ಉಳಿಯೋದು ಬೇಗ. ಆ ಬ್ರಷ್ ಎತ್ತಿಟ್ಟುಬಿಡಿ. ಅಲ್ಲಿ ತುರಿಕೆ ಇದ್ದರೆ ಡಾಕ್ಟರಿಗೆ ತೋರಿಸಿ.

ಮಾಡಿಟ್ಟರೆ ಎಷ್ಟು ದಿನ ಇರುತ್ತೆ ಅಂತ ಕೇಳಿದ್ರಿ. ಬರೀ ಸಕ್ಕರೆ, ಎಣ್ಣೆ ಆದರೆ ಒಣಗಿದ ಗಾಜಿನ ಬಾಟಲಲ್ಲಿ ಒಂದೆರಡು ವಾರ ಏನೂ ಆಗಲ್ಲ. ಒದ್ದೆ ಕೈ ಹಾಕಿದರೆ ಮಾತ್ರ ಕೆಡುತ್ತೆ. ಮೊಸರು, ಹಣ್ಣಿನ ರಸ ಸೇರಿಸಿದ್ದನ್ನ ಅವತ್ತೇ ಮುಗಿಸಬೇಕು.


ಮುಳಬಾಗಿಲು ಫಿಲ್ಟರ್ ಕಾಫಿ

ನಾನು ಕಾಫಿ ಚರಟದಲ್ಲಿ ಮಾಡಿದೀನಿ. ಫಿಲ್ಟರಲ್ಲಿ ಉಳಿದಿದ್ದನ್ನ ತಟ್ಟೇಲಿ ಹರಡಿ ಎರಡು ಬಿಸಿಲು ಒಣಗಿಸಿ, ಎಣ್ಣೆ ಬೆರೆಸಿದೆ. ಹಸೀದೇ ಇಟ್ಟರೆ ಮೂರನೇ ದಿನಕ್ಕೆ ಬೂಷ್ಟು. ಚಿಕೋರಿ ಜಾಸ್ತಿ ಇರೋ ಪುಡಿ ಅಂಟಂಟು, ತರಿ ಸಿಗಲ್ಲ. ಖರ್ಚಂತೂ ಎಣ್ಣೇದು ಮಾತ್ರ. ವಾಸನೆ ಚೆನ್ನಾಗಿರುತ್ತೆ, ಮೈ ನುಣುಪಾಗುತ್ತೆ.

ಆದರೆ ಎರಡೇ ತಿಂಗಳಿಗೆ ಬಚ್ಚಲ ನೀರು ಹೋಗೋದು ನಿಂತಿತು. ಪ್ಲಂಬರ್ ಬಂದು ಜಾಲರಿ ತೆಗೆದು ಕೈ ಹಾಕಿದ್ರೆ ಚರಟ, ಎಣ್ಣೆ, ಕೂದಲು ಮೂರೂ ಸೇರಿ ಡಾಂಬರು ಥರ ಕರೀ ಉಂಡೆ. 300 ರೂಪಾಯಿ ಕೊಟ್ಟೆ. ಸಕ್ಕರೆ ಆದರೆ ನೀರಲ್ಲಿ ಕರಗಿ ಹೋಗುತ್ತೆ, ಅದಕ್ಕೇ ನಾನೂ ಈಗ ಸಕ್ಕರೆಗೆ ಬರ್ತೀನಿ. ಚರಟ ಎಲ್ಲ ಮಲ್ಲಿಗೆ ಗಿಡದ ಬುಡಕ್ಕೆ.


ಶಿಡ್ಲಘಟ್ಟ ಗೂಡು

ಅಕ್ಕಂದಿರೆ, ನಮ್ಮೂರಿನದ್ದೊಂದು ಹೇಳ್ತೀನಿ. ನಮ್ಮದು ರೇಷ್ಮೆ ಗೂಡಿಂದ ನೂಲು ತೆಗೆಯೋ ರೀಲಿಂಗ್ ಮನೆ. ಗೂಡು ಬೇಯಿಸಿ ಬಿಸಿನೀರಿನ ತೊಟ್ಟೀಲಿ ಎಳೆ ಹುಡುಕೋದು ನಮ್ಮಮ್ಮನ ಕೆಲಸ, ಇಪ್ಪತ್ತು ವರ್ಷ ಮಾಡಿದ್ರು. ಬೆರಳ ತುದಿ ಬೆಳ್ಳಗೆ ಸುಕ್ಕಾಗಿ, ಸಂದು ಸಂದಲ್ಲಿ ಬಿರುಕು. ಅನ್ನ ಕಲಸಿದರೆ ಉಪ್ಪು, ಖಾರ ತಾಗಿ ಕಣ್ಣಲ್ಲಿ ನೀರು ಬರೋದು. ಆ ಕೈಗೆ ಯಾರೋ ಉಪ್ಪು, ನಿಂಬೆಹಣ್ಣು ಹಾಕಿ ಉಜ್ಜು, ಸತ್ತ ಚರ್ಮ ಹೋಗುತ್ತೆ ಅಂದ್ರು. ಉಜ್ಜಿದ್ರು. ಎರಡು ದಿನ ಕೆಲಸಕ್ಕೆ ಹೋಗೋಕಾಗಲಿಲ್ಲ. ಬಿರುಕು ಬಿಟ್ಟ ಕೈಗೆ ಯಾವ ಸ್ಕ್ರಬ್ಬೂ ಬೇಡ, ಅದನ್ನ ಕೈ ಮುಗಿದು ಕೇಳ್ಕೋತೀನಿ. ರಾತ್ರಿ ವ್ಯಾಸಲೀನ್ ಹಚ್ಚಿ ಹಳೇ ಹತ್ತಿ ಬಟ್ಟೆ ಸುತ್ತಿ ಮಲಗೋಕೆ ಶುರು ಮಾಡಿದ ಮೇಲೆ ಅಮ್ಮನಿಗೆ ಸ್ವಲ್ಪ ಸುಖ ಆಯ್ತು.

ಇನ್ನು ಉಜ್ಜೋಕೆ ಅಂತ ನಾನು ಬಳಸೋದು ಗೂಡನ್ನೇ. ಚಿಟ್ಟೆ ಕೊರೆದು ಹೊರಗೆ ಬಂದ ಗೂಡು ರೀಲಿಂಗಿಗೆ ಬರಲ್ಲ, ಎಳೆ ತುಂಡಾಗಿರುತ್ತೆ. ಅಂಥವು ಐದಾರು ತಗೊಂಡು ಒಳಗಿನ ಸಿಪ್ಪೆ, ಕಸ ಕೊಡವಿ, ಕುದಿಯೋ ನೀರು ಹೊಯ್ದು ಎರಡು ನಿಮಿಷ ಬಿಟ್ಟು, ಬೆರಳಿಗೆ ಟೋಪಿ ಥರ ಹಾಕ್ಕೋಬೇಕು. ನೀರು ಕುಡಿದ ಗೂಡು ಮೆತ್ತಗೆ, ಆದರೆ ಹೊರಗೆ ಒಂದು ಸಣ್ಣ ನೇಯ್ಗೆ ಥರದ ತರಿ. ಮೇಲೆ ಲೋಳೆ ಲೋಳೆ ಆಗಿ ಕೈಗೆ ತಾಗೋದು ಸೆರಿಸಿನ್ ಅನ್ನೋ ರೇಷ್ಮೆ ಅಂಟು. ಮೂಗಿನ ಪಕ್ಕ, ಗಲ್ಲ, ಮೊಣಕೈಗೆ ಮೆಲ್ಲಗೆ ಸುತ್ತಿಸೋದು. ಸಕ್ಕರೆ ಮುಖಕ್ಕೆ ಒರಟು, ಇದು ಹಾಗಲ್ಲ. ಒಂದು ಗೂಡು ಮೂರು ಸಲ, ಆಮೇಲೆ ಬಿಸಾಡಿ. ಒದ್ದೆ ಇಟ್ಟರೆ ವಾಸನೆ ಬರುತ್ತೆ, ಬಿಸಿಲಲ್ಲಿ ಒಣಗಿಸಲೇಬೇಕು.


ಶಿರಾ ಹುಣಸೆ

ಹುಣಸೆಹಣ್ಣಿನ ರಸ ಮೊಣಕೈಗೆ ಹಚ್ಚಿದರೆ ಒಳ್ಳೇದು ಅಂತ ನಮ್ಮ ಕಡೆ ಮಾಡ್ತಾರೆ. ಹಿತ್ತಾಳೆ ಪಾತ್ರೆ ಹೊಳೆಯೋ ಹಾಗೆ ಆಗುತ್ತೆ ಅಂತ ನಾನೂ ಹತ್ತು ನಿಮಿಷ ಬಿಟ್ಟೆ. ಚುರುಚುರು ಅಂತ ಕೆಂಪಾಯ್ತು. ಅಡುಗೆ ಸೋಡಾ, ನಿಂಬೆಹಣ್ಣು ಹಾಕಬಹುದಾ ಹಾಗಾದ್ರೆ?


ಗೌರಿಬಿದನೂರು ಸಿಸ್ಟರ್

ಹುಣಸೆಹಣ್ಣಲ್ಲಿ ಟಾರ್ಟಾರಿಕ್ ಆ್ಯಸಿಡ್ ಇದೆ, ಅದೂ ಸತ್ತ ಪದರ ಸಡಿಲ ಮಾಡೋ ಜಾತೀದೇ. ಆದರೆ ಯಾವ ಹಣ್ಣಲ್ಲಿ ಎಷ್ಟು ಹುಳಿ ಅಂತ ಅಳತೆ ಇಲ್ಲ, ಹಿತ್ತಾಳೆಗೆ ಆಗಿದ್ದು ಚರ್ಮಕ್ಕೆ ಆಗಲ್ಲ. ಹುಳಿ ಬೇಕೇ ಬೇಕು ಅಂದ್ರೆ ಮೊಸರು ಸಾಕು, ಅದರಲ್ಲಿ ಲ್ಯಾಕ್ಟಿಕ್ ಆ್ಯಸಿಡ್ ಇದೆ, ಮೃದು.

ಸೋಡಾ ಬೇಡ. ನಮ್ಮ ಚರ್ಮ ಸ್ವಲ್ಪ ಹುಳಿ ಸ್ವಭಾವದ್ದು, ಹುಳಿ ಅಳೆಯೋ ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ಸೋಡಾ 8 ದಾಟುತ್ತೆ. ಹಚ್ಚಿದ ತಕ್ಷಣ ನುಣುಪು ಅನ್ಸುತ್ತೆ, ಮಾರನೇ ದಿನ ಒಣಗಿ ಬಿರಿಯುತ್ತೆ.

ನಿಂಬೆಹಣ್ಣು ಹಚ್ಚಿ ಬಿಸಿಲಿಗೆ ಹೋಗೋದಂತೂ ಖಂಡಿತ ಬೇಡ. ಅದರ ರಸ, ಸಿಪ್ಪೆಯ ಎಣ್ಣೆ ಮೈಮೇಲಿದ್ದು ಬಿಸಿಲು ಬಿದ್ದರೆ ಸುಟ್ಟ ಗಾಯದ ಥರ ಬೊಬ್ಬೆ ಏಳುತ್ತೆ, ವಾಸಿ ಆದ ಮೇಲೆ ರಸ ಇಳಿದ ಗುರುತಲ್ಲೇ ಕಂದು ಗೆರೆ ತಿಂಗಳುಗಟ್ಟಲೆ ಇರುತ್ತೆ. ಏಪ್ರಿಲ್‌ನಲ್ಲಿ ಪಾನಕಕ್ಕೆ ನಿಂಬೆಹಣ್ಣು ಹಿಂಡಿ ಹಾಗೇ ಬಿಸಿಲಲ್ಲಿ ನಿಂತಿದ್ದ ಒಬ್ಬ ಹುಡುಗನ ಮುಂಗೈ ನಾನೇ ನೋಡಿದೀನಿ.


ಚಿಂತಾಮಣಿ ರೈತ

ನಾನು ಗಂಡಸು, ಇಲ್ಲಿ ಬರೀಬಹುದೋ ಇಲ್ಲವೋ. ನನಗೆ ಹಿಮ್ಮಡಿ ಒಡಕು. ಬರಿಗಾಲಲ್ಲಿ ತೋಟದಲ್ಲಿ ಓಡಾಡೋದು, ನೀರು ಕಟ್ಟೋದು. ಒಡಕಲ್ಲಿ ಮಣ್ಣು ಕೂತು ಕರ‍್ರಗಾಗಿದೆ, ರಾತ್ರಿ ಕಂಬಳಿಗೆ ಸಿಕ್ಕಿಕೊಳ್ಳುತ್ತೆ. ಸಕ್ಕರೆ ಅದಕ್ಕೆ ಆಗುತ್ತಾ? ಯೂರಿಯಾ ಕ್ರೀಮ್ ಅಂದ್ರಲ್ಲ ಸಿಸ್ಟರ್, ಯೂರಿಯಾ ನಮ್ಮನೇಲಿ ಮೂಟೆ ಇದೆ.


ಗೌರಿಬಿದನೂರು ಸಿಸ್ಟರ್

ಅಣ್ಣ, ಧಾರಾಳವಾಗಿ ಕೇಳಿ. ಮೂಟೆ ಯೂರಿಯಾ ಮುಟ್ಟಬೇಡಿ. ಹೆಸರು ಒಂದೇ, ವಸ್ತುವೂ ಒಂದೇ, ಆದರೆ ಅದು ಗೊಬ್ಬರಕ್ಕೆ ಮಾಡಿದ್ದು, ಮೈಗೆ ಹಚ್ಚೋ ಶುದ್ಧಿ, ಅಳತೆ ಅದರಲ್ಲಿಲ್ಲ.

ಹಿಮ್ಮಡಿಗೆ ಸಕ್ಕರೆ ಸಾಲಲ್ಲ, ಅಲ್ಲಿ ಚರ್ಮ ತುಂಬ ದಪ್ಪ. ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕಾಲಿಡಿ, ಉಜ್ಜೋ ಕಲ್ಲಲ್ಲಿ ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಿರಿ, ರಕ್ತ ಬರೋ ಒಡಕನ್ನ ಬಿಟ್ಟು. ಒರೆಸಿ, 20 ಪರ್ಸೆಂಟ್ ಯೂರಿಯಾ ಕ್ರೀಮ್ ಹಚ್ಚಿ ಕಾಲುಚೀಲ ಹಾಕಿ ಮಲಗಿ. ಬ್ಲೇಡಲ್ಲಿ ಕುಯ್ಯೋದು ಬೇಡ. ಶುಗರ್ ಇದ್ದರೆ ಇದ್ಯಾವುದನ್ನೂ ನೀವೇ ಮಾಡಬೇಡಿ. ಕಾಲಿಗೆ ಸ್ಪರ್ಶ ಕಮ್ಮಿ ಆಗಿರುತ್ತೆ, ಗಾಯ ಆದರೂ ಗೊತ್ತಾಗಲ್ಲ, ಆದ ಗಾಯ ಬೇಗ ಮಾಯಲ್ಲ. ತೋಟಕ್ಕೆ ಚಪ್ಪಲಿ ಹಾಕ್ಕೊಂಡು ಹೋಗಿ ಅಣ್ಣ.


ಕುಣಿಗಲ್ ತಂಗಿ

ನನ್ನ ತಂಗಿಗೆ ಮದುವೆ ಗೊತ್ತಾಗಿದೆ, ಇನ್ನು 15 ದಿನ. ಹುಡುಗನ ಕಡೆಯವರು ನೋಡೋಕೆ ಬಂದಾಗ ಅವರ ಅತ್ತಿಗೆ ‘ಕೈ ಸ್ವಲ್ಪ ಕಪ್ಪು’ ಅಂದುಬಿಟ್ಟರು. ಅವತ್ತಿಂದ ದಿನಾ ಬೆಳಿಗ್ಗೆ ಸಂಜೆ ಉಜ್ಜುತ್ತಿದಾಳೆ. ಮೊನ್ನೆ ನೋಡಿದರೆ ಮುಂಗೈಯೆಲ್ಲ ಕೆಂಪು, ಅಲ್ಲಲ್ಲಿ ಸುಲಿದಿದೆ. ಹೇಳಿದರೆ ಅಳ್ತಾಳೆ. ಬೆಳ್ಳಗಾಗೋಕೆ ಏನಾದರೂ ಇದ್ದರೆ ಹೇಳಿ, ಅವಳ ಸಮಾಧಾನಕ್ಕಾದರೂ.


ತಿಪಟೂರು ತೆಂಗಿನತೋಟ

ಕುಣಿಗಲ್ ಮಗಳೆ, ಮೊದಲು ಆ ಹುಡುಗಿಯ ಕೈ ಹಿಡ್ಕೊಂಡು ಪಕ್ಕದಲ್ಲಿ ಕೂತ್ಕೋ. ಬಣ್ಣ ಹುಟ್ಟಿನಿಂದ ಬಂದಿದ್ದು, ಉಜ್ಜಿದರೆ ಹೋಗೋದಲ್ಲ, ಹೋಗಬೇಕಾದ್ದೂ ಅಲ್ಲ. ನಾನೂ ಕಪ್ಪೇ. ನನ್ನ ಮದುವೇಲೂ ಇಂಥದೇ ಮಾತು ಬಂತು, ನಮ್ಮಜ್ಜಿ ಅಂದವರ ಮುಂದೆಯೇ ‘ನಮ್ಮ ಹುಡುಗಿ ರಾಗಿ ಬಣ್ಣ, ಹೊಟ್ಟೆ ತುಂಬಿಸೋ ಬಣ್ಣ’ ಅಂದ್ರು. ಆ ಮಾತು ಮೂವತ್ತೈದು ವರ್ಷ ಆದರೂ ನನ್ನ ಜೊತೆಗಿದೆ. ನಿನ್ನ ತಂಗಿಗೂ ಮನೆಯವರು ಯಾರಾದರೂ ಹಾಗೆ ನಿಂತು ಹೇಳಬೇಕು, ಹುಡುಗನೇ ಹೇಳಿದರೆ ಇನ್ನೂ ಒಳ್ಳೇದು.


ಗೌರಿಬಿದನೂರು ಸಿಸ್ಟರ್

ಅಮ್ಮ ಹೇಳಿದ್ದಕ್ಕೆ ನನ್ನದೊಂದು ಸೇರಿಸಿ. ಇವತ್ತಿಂದ ಉಜ್ಜೋದು ಪೂರ್ತಿ ಬಂದ್. ಸೋಪೂ ಬೇಡ ಸುಲಿದ ಜಾಗಕ್ಕೆ. ದಿನಕ್ಕೆ ಮೂರು ಸಲ ವ್ಯಾಸಲೀನ್, ಹೊರಗೆ ಹೋಗುವಾಗ ತುಂಬು ತೋಳು. ಹದಿನೈದು ದಿನದಲ್ಲಿ ಚರ್ಮ ಕೂಡಿಕೊಳ್ಳುತ್ತೆ. ಸುಲಿದ ಕೈ ಮೇಲೆ ಅರಿಶಿನ ಶಾಸ್ತ್ರದಲ್ಲಿ ಅರಿಶಿನ ಹಚ್ಚಿದರೆ ಉರಿಯುತ್ತೆ, ಮುಂಚೆಯೇ ಹಚ್ಚೋರಿಗೆ ಹೇಳಿಟ್ಟಿರಿ, ಕೈಗೆ ಬೇಡ, ಕೆನ್ನೆಗೆ ಪಾದಕ್ಕೆ ಸಾಕು ಅಂತ. ಬಿಳಿ ಮಾಡುತ್ತೆ ಅಂತ ಬಿಲ್ ಇಲ್ಲದೆ ಮಾರೋ ಕ್ರೀಮ್ ಹತ್ತಿರ ಅಂತೂ ಹೋಗಬೇಡಿ, ಅಂಥ ಎಷ್ಟೋ ಕ್ರೀಮಲ್ಲಿ ಸ್ಟೀರಾಯ್ಡ್ ಇರುತ್ತೆ.


ಕುಣಿಗಲ್ ತಂಗಿ

ತಂಗಿಗೆ ಎಲ್ಲ ಓದಿ ಹೇಳಿದೆ. ರಾಗಿ ಬಣ್ಣ ಅನ್ನೋ ಕಡೆ ಅತ್ತುಬಿಟ್ಟಳು, ಆಮೇಲೆ ಇನ್ನೊಂದು ಸಲ ಓದು ಅಂದಳು. ಸ್ಕ್ರಬ್ ಡಬ್ಬಿ ನನ್ನ ಕೈಗೆ ಕೊಟ್ಟಿದಾಳೆ. ಅಮ್ಮ, ನಿಮಗೆ ದೊಡ್ಡ ನಮಸ್ಕಾರ.


ಬಂಗಾರಪೇಟೆ ಸೊಸೆ

ಹತ್ತು ದಿನ ಆಯ್ತು ಕಡ್ಲೆಹಿಟ್ಟು ಶುರು ಮಾಡಿ. ಗಿರಣೀಲಿ ತರಿ ಬಿಟ್ಟು ಹಾಕಿಸಿದೆ. ಮೈ ಬಿಗಿಯೋದು ನಿಜವಾಗಲೂ ಕಮ್ಮಿ ಆಗಿದೆ. ಬತ್ತಿ ಥರ ಉರುಳಿ ಬರುತ್ತೆ ಅಂದ್ರಲ್ಲ ತಿಪಟೂರು ಅಮ್ಮ, ಮೊದಲನೇ ದಿನ ಬರಲಿಲ್ಲ, ನೀರು ಜಾಸ್ತಿ ಆಗಿತ್ತು. ಮೈ ಅರ್ಧ ಒಣಗಿದ ಮೇಲೆ ಉದುರಿಸಿದರೆ ಬಂತು. ಮಗನ ಬೆನ್ನಿಗೂ ಹಾಗೇ ಮಾಡಿದೆ, ಕಚಗುಳಿ ಅಂತ ನಕ್ಕು ನಕ್ಕು ಬಚ್ಚಲೆಲ್ಲ ಹಿಟ್ಟು ಮಾಡಿದ.


ಕ್ಯಾತ್ಸಂದ್ರದವಳು

ಸಿಸ್ಟರ್, ರಿಪೋರ್ಟ್ ಬಂತು. ಮೂರು ತಿಂಗಳ ಸರಾಸರಿ 6.1 ಇದೆ. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲ ಮೇಲಿದೆ ಅಂತ ಡಾಕ್ಟರ್ ಬಿಡಿಸಿ ಹೇಳಿದ್ರು. ಮಾತ್ರೆ ಕೊಟ್ಟಿಲ್ಲ. ತೂಕ ಇಳಿಸಬೇಕು, ಊಟದ ಅನ್ನ ಅರ್ಧ ಮಾಡಿ ಸೊಪ್ಪು, ಕಾಳು ಜಾಸ್ತಿ ಮಾಡಬೇಕು, ದಿನಾ ನಡೀಬೇಕು, ಮೂರು ತಿಂಗಳಿಗೆ ಮತ್ತೆ ಟೆಸ್ಟ್. ಕತ್ತು ನೋಡಿ ಅವರೂ ನೀವು ಹೇಳಿದ ಹೆಸರನ್ನೇ ಹೇಳಿದ್ರು. ಒಂದು ಸ್ಕ್ರಬ್ ವಿಷಯ ಬರೆಯೋಕೆ ಬಂದು ಇದು ಗೊತ್ತಾಯ್ತು. ನಿಮ್ಮ ಋಣ ನಾನು ಮರೆಯಲ್ಲ.

ನಮ್ಮೆಜಮಾನ್ರು ನಾಳೆಯಿಂದ ಜೊತೆಗೆ ಬರ್ತೀನಿ ಅಂದಿದ್ದಾರೆ, ಬೆಳಿಗ್ಗೆ ಐದೂವರೆಗೆ ಅಮಾನಿಕೆರೆ ಸುತ್ತ ನಡೆಯೋದು.

ಉಳಿದಿದ್ದು ಹೇಳಿಬಿಡ್ತೀನಿ. ಪ್ಲಾಸ್ಟಿಕ್ ಬ್ರಷ್ ಕಸದ ಗಾಡಿಗೆ ಹಾಕಿದೆ. ಕತ್ತಿಗೆ ಏನೂ ಹಚ್ಚುತ್ತಿಲ್ಲ. ಚಳಿಗೆ ಎಣ್ಣೆ ಗಟ್ಟಿಯಾಗಿ ಸಕ್ಕರೆ ಜೊತೆ ಬೆಣ್ಣೆ ಥರ ಆಗ್ತಿತ್ತು, ಈಗ ಅರ್ಧ ಕೊಬ್ಬರಿ ಎಣ್ಣೆ, ಅರ್ಧ ಎಳ್ಳೆಣ್ಣೆ ಹಾಕ್ತಿದೀನಿ, ಸರಿಯಾಗಿ ಕಲಸುತ್ತೆ. ರಾತ್ರಿ ಯೂರಿಯಾ ಕ್ರೀಮ್ ಬಲಗೈಗೆ ಮಾತ್ರ ಎರಡು ವಾರ ಹಚ್ಚಿದೆ, ತರಿ ಇನ್ನೂ ಇಳಿದಿದೆ. ಎಡಗೈಗೂ ಈ ಭಾನುವಾರದಿಂದ ಶುರು.